ವರ್ಷಾವಾಸ ಮತ್ತು ವಿಮಾನ ನಿಲ್ದಾಣ

 

ವರ್ಷಾವಾಸದ ದಿನಗಳಿವು. ಸಂಜೆ ಹೊತ್ತು ಮನೆಮನೆಯಲ್ಲಿ ‘ಬುದ್ಧ ಮತ್ತು ಅವನ ಧಮ್ಮ’ ಓದುತ್ತಿದ್ದೇವೆ. ಈ ವರ್ಷಾವಾಸ ಶುರುವಾದದ್ದು ಹೇಗೆಂದು ವಿನಯಪಿಟಕದ ಮಹಾವಗ್ಗ ಹೇಳುತ್ತದೆ. ಮಳೆಗಾಲದಲ್ಲೂ ಭಿಕ್ಖುಗಳು ಊರೂರು ತಿರುಗುತ್ತಿದ್ದರು. ಎಳೆಯ ಹಸಿರು ಕಾಲಡಿ ನಲುಗುತ್ತಿತ್ತು, ಸಣ್ಣ ಜೀವಿಗಳು ಸಾಯುತ್ತಿದ್ದವು. ಹಕ್ಕಿಗಳೇ ಮಳೆಗಾಲದಲ್ಲಿ ಗೂಡು ಸೇರುತ್ತವೆ, ಇವರಿಗೇನಾಗಿದೆ ಎಂದು ಜನ ದೂರಿದರು. ಬುದ್ಧ ಗುರು ಆ ದೂರನ್ನು ತಳ್ಳಿಹಾಕಲಿಲ್ಲ. ಬಹುಜನರ ಹಿತಕ್ಕಾಗಿ ಸಂಚರಿಸಿ ಎಂದು ಕಳಿಸಿದವರೇ ಮೂರು ತಿಂಗಳು ಒಂದೆಡೆ ನಿಲ್ಲಿ ಎಂದರು. ಧಮ್ಮಕ್ಕಾಗಿ ಮಾಡುವ ಪ್ರಯಾಣಕ್ಕೇ ಮಿತಿ ಹಾಕಿದ ಗುರು ಅವರು.

ಈಗ ಕಾಂಚೀಪುರಂ ಬಳಿಯ ಪರಂದೂರಿಗೆ ಬನ್ನಿ. ನಾಲಂದೆಯ ಆಚಾರ್ಯ ಧರ್ಮಪಾಲರು ಹುಟ್ಟಿದ್ದು ಇದೇ ಕಾಂಚಿಯಲ್ಲಿ. ಚೆನ್ನೈಗೆ ಎರಡನೇ ವಿಮಾನ ನಿಲ್ದಾಣ ಬೇಕೆಂದು 2022ರಲ್ಲಿ ಇಲ್ಲಿನ 13 ಹಳ್ಳಿಗಳ ನೆಲವನ್ನು ಗುರುತಿಸಿದರು. 5,000 ಎಕರೆಗೂ ಹೆಚ್ಚು. ಅದರಲ್ಲಿ ಕೆರೆಗಳಿವೆ, ಭತ್ತದ ಗದ್ದೆಗಳಿವೆ, ನೀರು ಇಂಗುವ ಜೌಗು ನೆಲವಿದೆ. ಏಕನಾಪುರಂ ಎಂಬ ಊರಿನವರು ಅಂದಿನಿಂದ ಹೊಲದ ಕೆಲಸ ಮುಗಿಸಿ ಸಂಜೆ ಒಟ್ಟಿಗೆ ಕೂತು ಬೇಡ ಎನ್ನುತ್ತಿದ್ದಾರೆ. ಗ್ರಾಮಸಭೆಯಲ್ಲಿ ಮತ್ತೆ ಮತ್ತೆ ನಿರ್ಣಯ ಮಾಡಿದ್ದಾರೆ. 2024ರ ಲೋಕಸಭಾ ಚುನಾವಣೆಗೆ ಊರಿನ ಬಹುತೇಕರು ಮತ ಹಾಕಲಿಲ್ಲ. (ಮತ ಬಿಡುವುದನ್ನು ನಾನು ಒಪ್ಪುವುದಿಲ್ಲ. ಆ ಹಕ್ಕು ನಮಗೆ ಹೇಗೆ ಬಂತೆಂದು ಗೊತ್ತಿದೆಯಲ್ಲ.)

ನಮ್ಮವರೇ ಒಬ್ಬರು ಕೇಳಿದರು: “ನಮ್ಮ ಮಕ್ಕಳು ಈಗಷ್ಟೇ ವಿಮಾನ ಹತ್ತುತ್ತಿದ್ದಾರೆ. ಈಗ ಬೇಡ ಎನ್ನುವುದೇ? ಹಳ್ಳಿ ಬಿಡಿ ಎಂದವರು ಬಾಬಾಸಾಹೇಬರಲ್ಲವೇ?” ಈ ಪ್ರಶ್ನೆಗೆ ತೂಕವಿದೆ. ಬಾಬಾಸಾಹೇಬರು ಯಂತ್ರವನ್ನು ಎಂದೂ ದೂರಲಿಲ್ಲ, ಹಳ್ಳಿಯನ್ನು ಹೊಗಳಲೂ ಇಲ್ಲ. ಆದರೆ ಲಾಭ ಯಾರಿಗೆ, ಭಾರ ಯಾರಿಗೆ ಎಂದು ಕೇಳದೆ ಅವರು ಯಾವುದನ್ನೂ ಒಪ್ಪಲಿಲ್ಲ. ನೆಲದ ಬೆಲೆ ಪಹಣಿಯಲ್ಲಿ ಹೆಸರಿದ್ದವರಿಗೆ ಸಿಗುತ್ತದೆ. ಅದೇ ಗದ್ದೆಯಲ್ಲಿ ನಾಟಿ ಹಾಕಿದ ಕೂಲಿ ಹೆಂಗಸಿನ ಹೆಸರು ಪಹಣಿಯಲ್ಲಿ ಇರುವುದಿಲ್ಲ.

ಹವಾಮಾನದ ಲೆಕ್ಕವೂ ಹೀಗೆಯೇ. 2018ರಲ್ಲಿ ಜಗತ್ತಿನ ಹತ್ತು ಜನರಲ್ಲಿ ವಿಮಾನ ಹತ್ತಿದವರು ಸುಮಾರು ಒಬ್ಬರು. ವಿಮಾನಗಳ ಹೊಗೆ ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡ್‌ನಲ್ಲಿ ಸುಮಾರು 2.5%. ಸಣ್ಣದು ಎನಿಸಬಹುದು. ಆದರೆ ಇದು ಇದ್ದರೆ ಅದು ಆಗುತ್ತದೆ ಎಂಬ ಪಟಿಚ್ಚಸಮುಪ್ಪಾದವನ್ನು ಇಲ್ಲಿಟ್ಟು ನೋಡಿ. ನಿಲ್ದಾಣ ದೊಡ್ಡದಾದರೆ ಹಾರಾಟ ಹೆಚ್ಚುತ್ತದೆ, ಹಾರಾಟ ಹೆಚ್ಚಿದರೆ ಕಾವು ಹೆಚ್ಚುತ್ತದೆ, ಕಾವು ಹೆಚ್ಚಿದರೆ ಮಳೆ ಒಮ್ಮೆಲೇ ಸುರಿಯುತ್ತದೆ. ಆ ಮಳೆಯನ್ನು ಹಿಡಿಯಬೇಕಾದ ಕೆರೆಯ ಮೇಲೆಯೇ ಕಾಂಕ್ರೀಟ್ ಬಿದ್ದಿರುತ್ತದೆ. ಚೆನ್ನೈನ ಈಗಿನ ನಿಲ್ದಾಣದ ಒಂದು ರನ್‌ವೇ ಅಡ್ಯಾರ್ ನದಿಯ ಮೇಲೆ ಹಾದುಹೋಗುತ್ತದೆ. 2015ರ ಡಿಸೆಂಬರ್‌ನಲ್ಲಿ ನದಿ ಉಕ್ಕಿ ನಿಲ್ದಾಣವನ್ನು ಹಲವು ದಿನ ಮುಚ್ಚಬೇಕಾಯಿತು. ನೀರು ಇಳಿದ ಮೇಲೆ ಊರಿನ ಕೊಳಚೆ ಎತ್ತಲು ಬಂದವರು ಪೌರಕಾರ್ಮಿಕರು. ಅವರು ಯಾರ ಮನೆಯವರೆಂದು ನಿಮಗೆ ನಾನು ಹೇಳಬೇಕಿಲ್ಲ.

ರೋಹಿಣಿ ನದಿಯ ನೀರಿಗಾಗಿ ಶಾಕ್ಯರು ಯುದ್ಧಕ್ಕೆ ಹೊರಟಾಗ ಸಂಘದ ಬಹುಮತ ಯುದ್ಧದ ಕಡೆಗಿತ್ತು. ಸಿದ್ಧಾರ್ಥ ಎದ್ದು ನಿಂತು ಬೇಡ ಎಂದ. ಸೋತ, ಆದರೆ ಮಾತು ಹಿಂತೆಗೆದುಕೊಳ್ಳಲಿಲ್ಲ. ಬಾಬಾಸಾಹೇಬರು ಗೃಹತ್ಯಾಗಕ್ಕೆ ಕೊಟ್ಟ ಕಾರಣವೇ ಇದು. ಹೀಗೆ ಬೇಡ ಎಂದು ಪಟ್ಟು ಹಿಡಿದವರು ನಮ್ಮ ಪಕ್ಕದಲ್ಲೂ ಇದ್ದಾರೆ. ದೇವನಹಳ್ಳಿಯ ವಿಮಾನ ನಿಲ್ದಾಣದ ಹತ್ತಿರ ಏರೋಸ್ಪೇಸ್ ಪಾರ್ಕ್‌ಗೆಂದು ಗುರುತಿಸಿದ್ದ 1,777 ಎಕರೆಯನ್ನು ರೈತರು ಸಾವಿರಕ್ಕೂ ಹೆಚ್ಚು ದಿನ ಕೂತು ಉಳಿಸಿಕೊಂಡರು. 2025ರ ಜುಲೈ 15ರಂದು ಸರ್ಕಾರ ಆ ಸ್ವಾಧೀನವನ್ನು ಕೈಬಿಟ್ಟಿತು. ಪರಂದೂರಿನವರು ಇನ್ನೂ ಗೆದ್ದಿಲ್ಲ. ಅದೇ ವರ್ಷ ಏಪ್ರಿಲ್‌ನಲ್ಲಿ ಕೇಂದ್ರವು ಯೋಜನೆಗೆ ತಾತ್ವಿಕ ಒಪ್ಪಿಗೆ ಕೊಟ್ಟಿದೆ.

ಈ ಭಾನುವಾರ ವಿಹಾರದಲ್ಲಿ ರೋಹಿಣಿಯ ಅಧ್ಯಾಯ ಓದೋಣ. ಮೆತ್ತಾ ಭಾವನೆಯ ಹೊತ್ತಿಗೆ ಏಕನಾಪುರದವರನ್ನೂ ನೆನೆಯೋಣ. ಇನ್ನೊಂದು ಮಾತು, ಧಮ್ಮಚಕ್ರ ಪ್ರವರ್ತನ ದಿನಕ್ಕೆ ನಾಗಪುರಕ್ಕೆ ಹೊರಡುವವರು ರೈಲಿನ ಟಿಕೆಟ್ ಈಗಲೇ ಮಾಡಿಸಿ. ಆಮೇಲೆ ಸಿಗುವುದಿಲ್ಲ.

ಭವತು ಸಬ್ಬ ಮಂಗಲಂ. ಜೈಭೀಮ್.