ದಿಗ್ವ್ರತ ಮತ್ತು ಕಂಪನಿ

ಕಂಪನಿ ಬೆಳೆಯಲು ನಾಲ್ಕು ದಾರಿಗಳಿವೆ ಎಂದು ಇಗೋರ್ ಆನ್ಸಾಫ್ 1957ರಲ್ಲಿ ಬರೆದರು: ಇದ್ದ ಸರಕನ್ನು ಇದ್ದ ಮಾರುಕಟ್ಟೆಯಲ್ಲೇ ಹೆಚ್ಚು ಮಾರುವುದು, ಹೊಸ ಮಾರುಕಟ್ಟೆಗೆ ಒಯ್ಯುವುದು, ಹೊಸ ಸರಕು ತಯಾರಿಸುವುದು, ಇಲ್ಲವೇ ಪೂರ್ತಿ ಹೊಸ ವ್ಯಾಪಾರಕ್ಕೆ ಕೈಹಾಕುವುದು. ಮ್ಯಾನೇಜ್‌ಮೆಂಟ್ ತರಗತಿಗಳಲ್ಲಿ ಇಂದಿಗೂ ಪಾಠವಾಗುವ ಈ ನಾಲ್ಕು ಮನೆಗಳ ಚೌಕದಲ್ಲಿ 'ಸಾಕು' ಎನ್ನುವುದಕ್ಕೆ ಮನೆಯಿಲ್ಲ. ಜೈನ ಗೃಹಸ್ಥಧರ್ಮ ವ್ಯಾಪಾರಿಗೆ ಹೇಳಿದ್ದೇ ಬೇರೆ. ಶ್ರಾವಕನ, ಅಂದರೆ ಜೈನ ಗೃಹಸ್ಥನ, ಹನ್ನೆರಡು ವ್ರತಗಳಲ್ಲಿ ದಿಗ್ವ್ರತವೂ ಒಂದು. ಸಮುದ್ರ, ನದಿ, ಕಾಡು, ಬೆಟ್ಟಗಳನ್ನು ಗಡಿಯಾಗಿಟ್ಟುಕೊಂಡು, ಹತ್ತು ದಿಕ್ಕುಗಳಲ್ಲೂ ಇಲ್ಲಿಂದಾಚೆ ಹೋಗೆನೆಂದು ಬದುಕಿರುವವರೆಗೆ ಸಂಕಲ್ಪಿಸುವುದು. ಜೈನ ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಫಲವನ್ನೂ ಹೇಳಿದ್ದಾರೆ: ಗಡಿಯಾಚೆ ಅವನಿಂದ ಸಣ್ಣ ಪಾಪವೂ ಆಗದ ಕಾರಣ, ಅಷ್ಟರ ಮಟ್ಟಿಗೆ ಗೃಹಸ್ಥನಾದ ಅವನ ಅಣುವ್ರತವೇ ಮುನಿಗಳ ಮಹಾವ್ರತವಾಗುತ್ತದೆ. ವ್ಯಾಪಾರವೇ ಪಾಪವೆಂದು ಇದರರ್ಥವಲ್ಲ. ಕಣ್ಣಿಗೆ ಕಾಣದ ದೂರಕ್ಕೆ ಕೈಚಾಚಿದವನು ಅಲ್ಲಾಗುವ ಕೇಡಿಗೆ ಹೊಣೆ ಹೊರಲಾರ. ಆದ್ದರಿಂದ ಹೊಣೆ ಎಲ್ಲಿಯವರೆಗೋ ವಿಸ್ತರಣೆಯೂ ಅಲ್ಲಿಯವರೆಗೆ ಎಂಬುದು ನನ್ನ ವಾದ.

ಕಂಪನಿಗೆ ಆತ್ಮವಿಲ್ಲ, ಅದು ವ್ರತ ಹಿಡಿಯುವುದು ಹೇಗೆ ಎಂದು ಕೇಳಬಹುದು. ಆದರೆ ಕಾನೂನೇ ಒಂದು ಕಾಲಕ್ಕೆ ಅದನ್ನು ಹಿಡಿಸಿತ್ತು. ರೈಲು ಬೋಗಿ ತಯಾರಿಕೆಗೆಂದು ನೋಂದಣಿಯಾದ ಆಶ್‌ಬರಿ ಕಂಪನಿ, ಬೆಲ್ಜಿಯಂನಲ್ಲಿ ರೈಲುಮಾರ್ಗ ಕಟ್ಟಲು ಹಣ ಒದಗಿಸುವ ಒಪ್ಪಂದ ಮಾಡಿಕೊಂಡಿತು. ನೋಂದಾಯಿತ ಉದ್ದೇಶದಾಚೆಯದಾದ್ದರಿಂದ, ಷೇರುದಾರರೆಲ್ಲ ಒಪ್ಪಿದರೂ ಅದು ಸಿಂಧುವಾಗದೆಂದು ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ 1875ರಲ್ಲಿ ತೀರ್ಪಿತ್ತಿತು. ನಮ್ಮ 2013ರ ಕಂಪನಿ ಕಾಯ್ದೆಯಲ್ಲೂ ಉದ್ದೇಶಗಳನ್ನು ಬರೆದಿಡಬೇಕೆಂಬ ನಿಯಮವಿದೆ, ವಿಶೇಷ ನಿರ್ಣಯದಿಂದ ಆ ಉದ್ದೇಶಗಳನ್ನು ಬದಲಿಸಬಹುದು ಅಷ್ಟೆ. ತಾನಾಗಿಯೇ ಕಟ್ಟು ಹಾಕಿಕೊಂಡ ಸಂಸ್ಥೆಯೂ ಇದೆ. ಜರ್ಮನಿಯ ಯೇನಾದಲ್ಲಿ ಅರ್ನ್ಸ್ಟ್ ಆಬೆ ಅವರು ಝೈಸ್ ಪ್ರತಿಷ್ಠಾನಕ್ಕೆ 1896ರಲ್ಲಿ ಬರೆದ ನಿಯಮಾವಳಿ, ಮೇಲಧಿಕಾರಿಯ ಸಂಬಳ ಕಾರ್ಮಿಕರ ಸರಾಸರಿ ಕೂಲಿಯ ಹತ್ತು ಪಟ್ಟು ಮೀರಬಾರದೆಂದಿತು. ಮಸೂರ ತಯಾರಿಕೆಯಲ್ಲಿ ಝೈಸ್ ಹೆಸರು ಇದರಿಂದ ಕುಂದಲಿಲ್ಲ.

ಇನ್ನೂ ಗಟ್ಟಿಯಾದ ಆಕ್ಷೇಪ ವಿಪ್ರೊದ ಉದಾಹರಣೆಯಿಂದ ಬರುತ್ತದೆ. 1945ರಲ್ಲಿ ಅಮಲ್ನೇರ್‌ನಲ್ಲಿ ವನಸ್ಪತಿ ತಯಾರಿಸಲು ಹುಟ್ಟಿದ ಕಂಪನಿ ಅಲ್ಲೇ ಗೆರೆ ಎಳೆದುಕೊಂಡಿದ್ದರೆ ಬೆಂಗಳೂರಿನ ಸಾಫ್ಟ್‌ವೇರ್ ಉದ್ಯೋಗಗಳಲ್ಲಿ ಎಷ್ಟೋ ಹುಟ್ಟುತ್ತಲೇ ಇರಲಿಲ್ಲ. ಇದು ನಿಜ, ಇದನ್ನು ನಾನು ಹಗುರವಾಗಿ ತಳ್ಳಿಹಾಕಲಾರೆ. ಆದರೆ ಕಸುಬು ಬದಲಿಸುವುದನ್ನು ದಿಗ್ವ್ರತ ಬೇಡವೆನ್ನುವುದಿಲ್ಲ. ಹೊಣೆ ಮೀರುವುದನ್ನು ಬೇಡವೆನ್ನುತ್ತದೆ. ಮದ್ಯದ ವ್ಯಾಪಾರದಿಂದ ವಿಮಾನಯಾನಕ್ಕೆ ಜಿಗಿದ ಕಿಂಗ್‌ಫಿಷರ್ 2005ರಲ್ಲಿ ಹಾರಾಟ ಆರಂಭಿಸಿ 2012ರಲ್ಲಿ ನಿಂತಿತು. ತಿಂಗಳುಗಟ್ಟಲೆ ಸಂಬಳವಿಲ್ಲದೆ ಉಳಿದವರು ಅದರ ನೌಕರರು, ಸಾಲ ಮುಳುಗಿದ್ದು ಹೆಚ್ಚಾಗಿ ಸರ್ಕಾರಿ ಬ್ಯಾಂಕುಗಳದ್ದು. ಜಿಗಿಯುವ ತೀರ್ಮಾನದಲ್ಲಿ ಆ ನೌಕರರಿಗೆ ಮಾತೇ ಇರಲಿಲ್ಲ. ಸೋಲು ಯಾರಿಗೂ ಬರಬಹುದು. ತನ್ನ ಸೋಲನ್ನು ಇನ್ನೊಬ್ಬರ ತಲೆಗೆ ಕಟ್ಟುವಷ್ಟು ದೂರ ಹೋದದ್ದೇ ಇಲ್ಲಿನ ಅಧರ್ಮ.

ಮುಂದೆ ಯಾವ ಮಾರುಕಟ್ಟೆಗೆ ಹೋಗುತ್ತೇವೆಂದು ಕಂಪನಿಗಳು ವಾರ್ಷಿಕ ವರದಿಯಲ್ಲಿ ಪುಟಗಟ್ಟಲೆ ಬರೆಯುತ್ತವೆ. ಎಲ್ಲಿಗೆ ಹೋಗುವುದಿಲ್ಲ, ಹೋಗಿ ಸೋತರೆ ನಷ್ಟ ಯಾರ ಪಾಲು ಎಂಬುದಕ್ಕೂ ಒಂದು ಪುಟ ಮೀಸಲಿಡಿ ಎಂದು ಷೇರುದಾರರು ಮುಂದಿನ ಮಹಾಸಭೆಯಲ್ಲಿ ಎದ್ದುನಿಂತು ಕೇಳಬೇಕು.