ಯಂತ್ರದ ವೇಗ, ಕೈಯ ಹೊಣೆ

ಮಾನವನು ತನ್ನ ಕೈಗೆ ಉಪಕರಣವನ್ನು ಜೋಡಿಸಿಕೊಂಡ ದಿನದಿಂದ ಒಂದು ಪ್ರಶ್ನೆ ಅವನ ಬೆನ್ನು ಹತ್ತಿದೆ. ಕೆಲಸವನ್ನು ಮಾಡಿದುದು ಕೈಯೋ, ಉಪಕರಣವೋ? ಉಳಿ ಕೊಡತಿಗಳ ಕಾಲದಲ್ಲಿ ಈ ಪ್ರಶ್ನೆಗೆ ಹೆಚ್ಚಿನ ತೂಕವಿರಲಿಲ್ಲ. ಉಳಿಗೆ ಬಲವನ್ನು ಕೊಡುತ್ತಿದ್ದುದೂ ದಾರಿಯನ್ನು ತೋರುತ್ತಿದ್ದುದೂ ಒಂದೇ ದೇಹ. ವಿದ್ಯುತ್ತಿನಿಂದ ತಿರುಗುವ ಉಪಕರಣವು ಬಂದ ಮೇಲೆ ಬಲವು ಒಂದು ಕಡೆಯಿಂದ, ದಾರಿಯು ಇನ್ನೊಂದು ಕಡೆಯಿಂದ ಬರತೊಡಗಿತು. ಆಗ ಕೆಲಸದ ಶ್ರೇಯಸ್ಸು ಯಾರದು, ಹೊಣೆ ಯಾರದು ಎಂಬುದನ್ನು ವಿಚಾರಿಸಲೇಬೇಕಾಗುತ್ತದೆ.

ಮೈಸೂರಿನಿಂದ ಹುಣಸೂರಿನ ಕಡೆಗೆ ಹೋಗುವ ಹೆದ್ದಾರಿಯ ಹಿನಕಲ್ ಒಂದು ಕಾಲಕ್ಕೆ ಹೊಲಗಳ ನಡುವಣ ಗ್ರಾಮ. ಇಂದು ಅದರ ಒಂದು ಬದಿಗೆ ವಿಜಯನಗರ ಬಡಾವಣೆ, ಇನ್ನೊಂದು ಬದಿಗೆ ಹೆಬ್ಬಾಳು, ಹೂಟಗಳ್ಳಿಗಳ ಕೈಗಾರಿಕಾ ಪ್ರದೇಶ. 2020ರಲ್ಲಿ ಅದು ಹೂಟಗಳ್ಳಿ ನಗರಸಭೆಗೆ ಸೇರಿತು. ಹಗಲೆಲ್ಲ ಕಾರ್ಖಾನೆಯಲ್ಲೋ ಕಚೇರಿಯಲ್ಲೋ ದುಡಿದವನಿಗೆ ಸಂಜೆಯ ಹೊತ್ತು ಮರವನ್ನು ಕೆತ್ತಿ ನೋಡಬೇಕೆಂಬ ಹಂಬಲ ಹುಟ್ಟುವುದು ಸಹಜ. ಗುರುವಿನ ಬಳಿ ವರ್ಷಗಟ್ಟಲೆ ಕೂರುವ ಅವಕಾಶ ಅವನಿಗಿಲ್ಲ. ಅವನ ಕೈಗೆ ಸುಲಭವಾಗಿ ದೊರೆಯುವುದು ರೋಟರಿ ಉಪಕರಣ. ಅಂಗೈಯಲ್ಲಿ ಹಿಡಿಯಬಹುದಾದ ಚಿಕ್ಕ ಮೋಟಾರು, ಅದರ ತುದಿಗೆ ಸುಮಾರು 3 ಮಿಲಿಮೀಟರು ದಪ್ಪದ ಕಾಂಡವುಳ್ಳ ಕೊರೆಮೊನೆ. ಅದು ನಿಮಿಷಕ್ಕೆ 5,000ದಿಂದ 35,000 ಸುತ್ತುಗಳವರೆಗೆ ತಿರುಗುತ್ತದೆ. ಅಮೆರಿಕದ ರೇಸೀನ್ ಪಟ್ಟಣದಲ್ಲಿ ಆಲ್ಬರ್ಟ್ ಡ್ರೆಮೆಲ್ 1932ರಲ್ಲಿ ಸ್ಥಾಪಿಸಿದ ಸಂಸ್ಥೆಯು ಇದನ್ನು ಲೋಕಪ್ರಿಯಗೊಳಿಸಿತು.

ಮೈಸೂರು ಮರಗೆಲಸಕ್ಕೆ ಹೊಸದಾದ ಊರಲ್ಲ. 1897ರಲ್ಲಿ ಮರದ ಅರಮನೆ ಸುಟ್ಟುಹೋದ ಮೇಲೆ ಕಟ್ಟಿ 1912ರಲ್ಲಿ ಮುಗಿಸಿದ ಅಂಬಾವಿಲಾಸ ಅರಮನೆಯ ಬಾಗಿಲುಗಳಲ್ಲಿ ಕೆತ್ತನೆಯೂ ಬೀಟೆಯ ಮೇಲಣ ದಂತದ ಕೂಡಿಕೆಯೂ ಇಂದಿಗೂ ಕಣ್ಣಿಗೆ ಬೀಳುತ್ತವೆ. ಇಂಥ ನೆರೆಯಲ್ಲಿ ಕುಳಿತು ಮೋಟಾರಿನಿಂದ ಒಂದು ಹೂವನ್ನು ಕೆತ್ತಿದವನು ಅದನ್ನು ತನ್ನ ಕೈಯ ಕೆಲಸವೆಂದು ಹೇಳಬಹುದೇ?

ಹೇಳಬಹುದು ಎಂಬುದೇ ನನ್ನ ಮತ. ದಂತವೈದ್ಯರ ಕೈಯಲ್ಲಿರುವ ಉಪಕರಣವೂ ಯಂತ್ರಬಲದಿಂದ ತಿರುಗುತ್ತದೆ. ಹಲ್ಲನ್ನು ಸರಿಪಡಿಸಿದುದು ಯಂತ್ರವೆಂದು ಯಾರೂ ಹೇಳುವುದಿಲ್ಲ. ಕೊರೆಮೊನೆ ಎಲ್ಲಿ ನಿಲ್ಲಬೇಕು, ಎಷ್ಟು ಆಳಕ್ಕೆ ಇಳಿಯಬೇಕು ಎಂಬುದು ಕ್ಷಣಕ್ಷಣಕ್ಕೂ ಕೈಯಿಂದಲೇ ನಿರ್ಧಾರವಾಗುತ್ತದೆ. ಒಂದು ಜಾರಿಕೆಯಿಂದ ಇಡೀ ಕೆಲಸ ಕೆಡಬಹುದು. ಕೆಡುವ ಸಾಧ್ಯತೆ ಎಲ್ಲಿದೆಯೋ ಅಲ್ಲಿ ಮನುಷ್ಯನ ವಿವೇಕವಿದೆ. ಗಣಕಯಂತ್ರಕ್ಕೆ ನಕ್ಷೆಯನ್ನು ಉಣಿಸಿ ನೂರು ಹಲಗೆಗಳನ್ನು ಒಂದೇ ತೆರನಾಗಿ ಕೊರೆಯಿಸುವುದು ಬೇರೆಯೇ ಬಗೆ. ಅಲ್ಲಿ ವಿವೇಕವೆಲ್ಲ ನಕ್ಷೆಯಲ್ಲಿ ಮುಗಿದಿರುತ್ತದೆ.

ಆದರೆ ಇಷ್ಟಕ್ಕೆ ತೃಪ್ತರಾಗುವಂತಿಲ್ಲ. ಉಳಿಯನ್ನು ಎಳೆಗೆ ವಿರುದ್ಧವಾಗಿ ನೂಕಿದರೆ ಮರ ಸಿಗಿದೇಳುತ್ತದೆ. ಆ ಸಿಗಿತವೇ ಕಲಿಯುವವನಿಗೆ ಪಾಠ. ಮರವು ಹೀಗೆ ಬೆಳೆದಿದೆ, ಹೀಗೆ ಮಾತ್ರ ಒಪ್ಪುತ್ತದೆ ಎಂಬುದನ್ನು ಅವನು ಮೈಯಿಂದ ಅರಿಯುತ್ತಾನೆ. ವೇಗವಾಗಿ ತಿರುಗುವ ಕೊರೆಮೊನೆ ಎಳೆಯ ಮಾತನ್ನು ಅಷ್ಟಾಗಿ ಕೇಳುವುದಿಲ್ಲ, ಯಾವ ದಿಕ್ಕಿಗಾದರೂ ತಿಂದುಕೊಂಡು ಹೋಗುತ್ತದೆ. ಮರದ ವಿರೋಧವನ್ನು ಅರಿಯದವನಿಗೆ ಮರದ ಮೇಲೆ ಗೌರವವೂ ಹುಟ್ಟುವುದಿಲ್ಲ. ಯಂತ್ರವು ಶ್ರಮವನ್ನು ಕಳೆಯಲಿ, ಅದರೊಂದಿಗೆ ಅರಿವನ್ನೂ ಕಳೆದರೆ ಲಾಭವೇನು?

ಆದುದರಿಂದ ಆರಂಭಿಸುವವನು ಮೊದಲು ಕಾಗದದ ಮೇಲೆ ಚಿತ್ರವನ್ನು ಬರೆದು, ಅದನ್ನು ಹಲಗೆಗೆ ಇಳಿಸಿ, ಅಂಚಿನ ಗೆರೆಗಳನ್ನು ಚೂರಿಯಿಂದಲೇ ಕೊಯ್ದುಕೊಳ್ಳಲಿ. ಆ ಗೆರೆಯೇ ಕೊರೆಮೊನೆಗೆ ಎಲ್ಲೆಯಾಗುತ್ತದೆ, ಎಳೆಯ ಪರಿಚಯವೂ ಆಗುತ್ತದೆ. ಬಳಿಕ ದಪ್ಪ ಮೊನೆಯಿಂದ ಹಿನ್ನೆಲೆಯನ್ನು ತಗ್ಗಿಸಿ, ಸಣ್ಣ ಮೊನೆಯಿಂದ ಆಕಾರವನ್ನು ತಿದ್ದಿ, ಕೊನೆಗೆ ಉಜ್ಜುಕಾಗದವನ್ನು ಬಳಸಲಿ. ಹಲಗೆಯನ್ನು ಮೇಜಿಗೆ ಬಿಗಿಯದೆ ತೊಡಗಬಾರದು. ಮೊನೆ ತಿರುಗುವ ದಿಕ್ಕಿಗೆ ಎದುರಾಗಿ ಕೈಯನ್ನು ನಡೆಸಬೇಕು. ಅದರ ಜೊತೆಯಲ್ಲೇ ನಡೆಸಿದರೆ ಮೊನೆ ಮರವನ್ನು ಕಚ್ಚಿ ಓಡುತ್ತದೆ. ಒತ್ತಿ ಹಿಡಿದರೆ ಮೋಟಾರಿನ ದನಿ ಕುಗ್ಗುತ್ತದೆ, ಮರ ಕರಿದಾಗುತ್ತದೆ. ಹಗುರವಾಗಿ ಹಲವು ಸಲ ಹಾಯಿಸುವುದೇ ಸರಿಯಾದ ಕ್ರಮ. ಅವಸರಕ್ಕಾಗಿ ಹುಟ್ಟಿದ ಯಂತ್ರವೂ ಅವಸರವನ್ನು ಸಹಿಸುವುದಿಲ್ಲ!

ಎರಡನೆಯದು ಬೆಲೆಯ ಪ್ರಶ್ನೆ. ಉಳಿಯಿಂದ ಹಲವು ದಿನ ಹಿಡಿಯುವ ಕೆಲಸವನ್ನು ಯಂತ್ರದಿಂದ ಒಂದೇ ದಿನದಲ್ಲಿ ಮುಗಿಸಿ, ಅದಕ್ಕೆ ಉಳಿಗೆಲಸದ ಹೆಸರನ್ನೂ ಬೆಲೆಯನ್ನೂ ಇಡುವುದು ನ್ಯಾಯವೇ? ಶರಣರಲ್ಲಿ ಬಡಗಿಯೊಬ್ಬರ ಹೆಸರಿಗೇ ಬಾಚಿ ಸೇರಿಕೊಂಡಿರುವುದನ್ನು ನಾವು ಬಲ್ಲೆವು. ಕಾಯಕವನ್ನು ಅಷ್ಟು ಎತ್ತರಕ್ಕೆ ಏರಿಸಿದವರು ಗಳಿಕೆಯ ಮಿತಿಯನ್ನೂ ಅಷ್ಟೇ ಕಟ್ಟುನಿಟ್ಟಾಗಿ ಹಾಕಿಕೊಂಡಿದ್ದರು. ಆಯ್ದಕ್ಕಿ ಮಾರಯ್ಯನವರು ಎಂದಿಗಿಂತ ಹೆಚ್ಚಾಗಿ ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದ ಪ್ರಸಂಗ ಎಲ್ಲರಿಗೂ ತಿಳಿದಿದೆ. ಯಂತ್ರದ ವೇಗದಿಂದ ಬಂದ ಹೆಚ್ಚಳವನ್ನು ಕೈಯ ಹೆಸರಿನಲ್ಲಿ ಮಾರುವುದು ಆ ಹೆಚ್ಚಿನ ಅಕ್ಕಿಯೇ ಸರಿ. ಇದು ಕೊಳ್ಳುವವನಿಗೊಬ್ಬನಿಗೇ ಆಗುವ ವಂಚನೆಯೂ ಅಲ್ಲ. ಉಳಿಯನ್ನೇ ನಂಬಿ ಬದುಕುವ ಕುಶಲಕರ್ಮಿಯ ಅನ್ನಕ್ಕೆ ಅದು ಕೈಹಾಕುತ್ತದೆ. ಹೇಗೆ ಮಾಡಿದೆನೆಂಬುದನ್ನು ಇದ್ದದ್ದು ಇದ್ದಂತೆ ಹೇಳಿ, ತಕ್ಕ ಬೆಲೆಯನ್ನು ಕೇಳಿದರೆ ಯಂತ್ರಕ್ಕೂ ಉಳಿಗೂ ಒಂದೇ ಬೀದಿಯಲ್ಲಿ ಸ್ಥಳವಿದೆ.

ಮೂರನೆಯದು ಹಿಂಸೆಯ ಪ್ರಶ್ನೆ. ಉಳಿಯಿಂದ ಎದ್ದ ಚೂರು ನೆಲಕ್ಕೆ ಬೀಳುತ್ತದೆ. ತಿರುಗುವ ಮೊನೆಯಿಂದ ಎದ್ದ ಹುಡಿ ಗಾಳಿಯಲ್ಲಿ ನಿಲ್ಲುತ್ತದೆ. ಮರದ ಹುಡಿ ಮನುಷ್ಯರಲ್ಲಿ ಮೂಗಿನ ಒಳಭಾಗದ ಕ್ಯಾನ್ಸರಿಗೆ ಕಾರಣವಾಗುತ್ತದೆ ಎಂಬುದನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿ ಪ್ರಕಟಿಸಿದೆ. ಬೀಟೆಯ ಹುಡಿ ಕೆಲವರ ಚರ್ಮಕ್ಕೂ ಉಸಿರಿಗೂ ಆಗದು. ಕೆತ್ತುವವನು ಕನ್ನಡಕವನ್ನೂ ಹುಡಿ ತಡೆಯುವ ಮುಖಕವಚವನ್ನೂ ಧರಿಸಿ ತನ್ನನ್ನು ಕಾಪಾಡಿಕೊಂಡಾನು. ಪಕ್ಕದ ಕೊಠಡಿಯಲ್ಲಿ ಮಲಗಿರುವ ಮಗುವಿಗೂ ಮುದುಕರಿಗೂ ಆ ಕವಚವಿಲ್ಲ. ಗೋಡೆಗೆ ಗೋಡೆ ತಾಗಿದ ಬಡಾವಣೆಯಲ್ಲಿ ರಾತ್ರಿ ಹತ್ತು ಗಂಟೆಯ ಮೋಟಾರಿನ ಕೀರಲು ನೆರೆಯವನ ನಿದ್ರೆಯನ್ನೂ ಕೆತ್ತುತ್ತದೆ. ನಮ್ಮ ಸಂತೋಷದ ಹುಡಿ ಇನ್ನೊಬ್ಬರ ಎದೆಗೆ ಇಳಿಯದಂತೆ ನೋಡಿಕೊಳ್ಳುವುದು ಕಲೆಯ ಹೊರಗಿನ ಮಾತಲ್ಲ.

ಕಾಡಿನ ಮಾತನ್ನೂ ಮರೆಯಲಾಗದು. 1986ರಲ್ಲಿ ನಮ್ಮ ಆನೆಗಳ ದಂತದ ವ್ಯಾಪಾರವೂ, 1991ರಲ್ಲಿ ಹೊರನಾಡಿನಿಂದ ತಂದ ದಂತದ ವ್ಯಾಪಾರವೂ ಕಾನೂನಿನಿಂದ ನಿಂತವು. ದಂತವಿಲ್ಲದೆಯೂ ಮೈಸೂರಿನ ಕೂಡಿಕೆಗೆಲಸ ಉಳಿಯಿತು. ಬೇರೆ ಬೇರೆ ಬಣ್ಣದ ಮರಗಳೇ ಆ ಸ್ಥಾನವನ್ನು ತುಂಬಿದವು. ಒಂದು ಪ್ರಾಣಿಯ ಜೀವಕ್ಕಿಂತ ಅಲಂಕಾರ ದೊಡ್ಡದಲ್ಲವೆಂದು ಒಪ್ಪಿಕೊಂಡರೆ ಕಲೆ ಬಡವಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ? ಇಂದು ಬೀಟೆಯೂ ಅಂತರರಾಷ್ಟ್ರೀಯ ವ್ಯಾಪಾರ ನಿಯಂತ್ರಣಕ್ಕೆ ಒಳಪಟ್ಟ ಮರ. ಅರೆಗಳಿಗೆಯಲ್ಲಿ ಮರವನ್ನು ಹುಡಿಮಾಡುವ ಯಂತ್ರವನ್ನು ಹಿಡಿದ ಕಲಿಕೆಗಾರನು ನೂರು ವರ್ಷ ಬೆಳೆದ ಮರದ ಮೇಲೆ ಅಭ್ಯಾಸ ಮಾಡುವುದು ಅವಿವೇಕ. ಶಿವನಿಯ ತುಂಡೋ, ಸಿಲ್ವರ್ ಓಕಿನ ತುಂಡೋ ಸಾಕು. ಪೀಠೋಪಕರಣ ಮಾಡುವಲ್ಲಿ ಉಳಿದ ಚೂರುಗಳೂ ಆಗುತ್ತವೆ.

ಯಂತ್ರವೆಂದರೆ ಪಾಪವೆಂದು ತಿಳಿಯಬೇಕಾಗಿಲ್ಲ. ಯಂತ್ರನಾಗರಿಕತೆಯನ್ನು ಕಟುವಾಗಿ ಟೀಕಿಸಿದ ಗಾಂಧೀಜಿಯವರೇ ಹೊಲಿಗೆಯಂತ್ರವನ್ನು ಮೆಚ್ಚಿದ್ದರು. ಮನುಷ್ಯನ ಅಂಗಾಂಗಗಳನ್ನು ನಿರುಪಯುಕ್ತಗೊಳಿಸದ ಯಂತ್ರಕ್ಕೆ ಅವರ ಸಮ್ಮತಿಯಿತ್ತು. ಕೊಡತಿಯನ್ನು ಬೀಸಲಾರದ ವೃದ್ಧರಿಗೆ, ತೋಳಿನಲ್ಲಿ ಬಲವಿಲ್ಲದವರಿಗೆ ರೋಟರಿ ಉಪಕರಣವು ಮುಚ್ಚಿದ್ದ ಬಾಗಿಲನ್ನು ತೆರೆಯುತ್ತದೆ. ಇದು ಸಣ್ಣ ಉಪಕಾರವಲ್ಲ.

ಬಲವನ್ನು ಎಲ್ಲಿಂದಲಾದರೂ ಎರವಲು ತರಬಹುದು, ಹೊಣೆಯನ್ನು ಹಾಗೆ ತರಲಾಗುವುದಿಲ್ಲ. ಗುಂಡಿಯನ್ನು ಒತ್ತುವ ಮುನ್ನ ಮೂರನ್ನು ಕೇಳಿಕೊಳ್ಳಬೇಕು. ಈ ಮರವನ್ನು ನಾನು ಅರಿತಿದ್ದೇನೆಯೇ? ಇದರ ಹುಡಿ ಯಾರ ಉಸಿರಿಗೆ ಸೇರುತ್ತದೆ? ನಾಳೆ ಇದನ್ನು ಯಾವ ಹೆಸರಿನಿಂದ ಕೊಡುತ್ತೇನೆ? ಈ ಮೂರಕ್ಕೂ ನೇರವಾಗಿ ಉತ್ತರಿಸಬಲ್ಲವನು ಮೋಟಾರನ್ನು ಹಿಡಿದರೂ ಅವನ ಕೆಲಸ ಕೈಗೆಲಸವೇ. ಉತ್ತರಿಸಲಾರದವನು ಉಳಿಯನ್ನೇ ಹಿಡಿದಿದ್ದರೂ ಅವನಿನ್ನೂ ಕೆಲಸವನ್ನು ಆರಂಭಿಸಿಲ್ಲ.