ನೆರೆಯವನ ಸಾಲಕ್ಕೆ ಹೊಣೆಯಾಗುವದು ಯುಕ್ತವೋ?

ಊರಿನ ಆಡಳಿತವನ್ನು ನಡಿಸುವವರ ಕೈಯಲ್ಲಿರುವ ಹಣವು ಅವರ ಸ್ವಂತದ್ದಲ್ಲ. ಅದು ಊರವರೆಲ್ಲರು ಕೊಟ್ಟ ತೆರಿಗೆಯಿಂದಲೂ ಸರಕಾರದವರು ಊರಿನ ಹಿತಕ್ಕಾಗಿ ಕಳುಹಿಸಿದ ದ್ರವ್ಯದಿಂದಲೂ ಕೂಡಿದ್ದಾಗಿದೆ. ಹೀಗಿರಲಾಗಿ ಅದರೊಳಗಿಂದ ಒಬ್ಬ ನೇಕಾರನಿಗೆ ಮಗ್ಗ ಕೊಳ್ಳುವದಕ್ಕೂ ಒಬ್ಬ ಒಕ್ಕಲಿಗನಿಗೆ ಹಸು ಕೊಳ್ಳುವದಕ್ಕೂ ಇನ್ನೊಬ್ಬನಿಗೆ ಸಣ್ಣ ಅಂಗಡಿ ಇಡುವದಕ್ಕೂ ಸಹಾಯ ಮಾಡುವದು ನ್ಯಾಯವೋ? ಮಾಡಿದರೆ, ಎಲ್ಲರ ಗಂಟಿನಿಂದ ಒಬ್ಬನನ್ನು ಎತ್ತಿದ ಹಾಗಾಯಿತು. ಮಾಡದಿದ್ದರೆ, ಆ ಒಬ್ಬನು ಬಡ್ಡಿಯವನ ಬಾಗಲಿಗೆ ಹೋಗುವನು. ಇದು ಲೆಕ್ಕಪತ್ರದ ಪ್ರಶ್ನೆಯೆಂದು ಅನೇಕರು ಎಣಿಸುತ್ತಾರೆ. ನಮಗಾದರೋ ಇದು ಮನಸ್ಸಾಕ್ಷಿಯ ಪ್ರಶ್ನೆಯಾಗಿ ತೋರುತ್ತದೆ. ಯಾಕಂದರೆ ಕೊಟ್ಟ ಹಣವು ಹಿಂದಿರುಗಿ ಬಾರದೆ ಹೋದರೆ ಆ ನಷ್ಟವನ್ನು ಯಾರು ಹೊರತಕ್ಕದ್ದು ಎಂಬದೇ ಇದರ ಬೇರಾಗಿದೆ.

ನಮ್ಮ ದೇಶದಲ್ಲಿ ಈ ಪ್ರಶ್ನೆಯು ಈಗ ಪ್ರತಿಯೊಂದು ಗ್ರಾಮಕ್ಕೂ ಬಂದಿದೆ. ೧೯೯೩ನೇ ಇಸವಿಯ ಏಪ್ರಿಲ್ ೨೪ರಂದು ಜಾರಿಗೆ ಬಂದ ಸಂವಿಧಾನದ ೭೩ನೇ ತಿದ್ದುಪಡಿಯು ಪಂಚಾಯತಿಗಳಿಗೆ ಒಪ್ಪಿಸಬಹುದಾದ ೨೯ ವಿಷಯಗಳನ್ನು ಹೆಸರಿಸುತ್ತದೆ. ಅವುಗಳಲ್ಲಿ ಸಣ್ಣ ಕೈಗಾರಿಕೆ, ಖಾದಿ ಮತ್ತು ಗುಡಿಕೈಗಾರಿಕೆ, ಹೈನುಗಾರಿಕೆ, ಸಂತೆ ಜಾತ್ರೆಗಳು, ಬಡತನವನ್ನು ಕಡಿಮೆ ಮಾಡುವ ಕಾರ್ಯ ಇವೆಲ್ಲವೂ ಸೇರಿವೆ. ಆದರೆ ಯಾವ ವಿಷಯಗಳಲ್ಲಿ ಕೈಹಾಕಬಹುದೆಂದು ಹೇಳಿದ ಮಾತ್ರಕ್ಕೆ ಹೇಗೆ ಕೈಹಾಕಬೇಕೆಂಬದು ತಿಳಿಯುವದಿಲ್ಲ. ಈ ಕಷ್ಟವನ್ನು ಪುಸ್ತಕದಲ್ಲಿ ಅಲ್ಲ, ತನ್ನ ಕಚೇರಿಯ ಹೊಸ್ತಿಲಲ್ಲಿಯೇ ಕಂಡ ಒಬ್ಬ ಗ್ರಾಮಾಧಿಕಾರಿಯ ವೃತ್ತಾಂತವನ್ನು ವಾಚಕರ ಮುಂದೆ ಇಡುತ್ತೇವೆ. ಆತನು ದೂರದ ಜರ್ಮನಿ ದೇಶದವನಾದರೂ ಆತನು ಕಂಡುಹಿಡಿದ ಮಾರ್ಗವು ನಮ್ಮ ಸೀಮೆಗೂ ಬಂದು ಮುಟ್ಟಿತು.

ಫ್ರೀಡ್ರಿಕ್ ವಿಲ್ಹೆಲ್ಮ್ ರೈಫೈಸನ್‌ರವರು ೧೮೧೮ನೇ ಇಸವಿಯಲ್ಲಿ ಹುಟ್ಟಿದರು. ಚಿಕ್ಕಂದಿನಲ್ಲಿ ಸೈನ್ಯಕ್ಕೆ ಸೇರಿದವರು, ಕಣ್ಣಿನ ರೋಗದ ದೆಸೆಯಿಂದ ಅದನ್ನು ಬಿಡಬೇಕಾಯಿತು. ೧೮೪೫ರಲ್ಲಿ ಪ್ರಷ್ಯ ಸರಕಾರದವರು ಅವರನ್ನು ವೆಸ್ಟರ್‌ವಾಲ್ಡ್ ಎಂಬ ಬಡ ಗುಡ್ಡಸೀಮೆಯ ವೈಯರ್‌ಬುಷ್ ಎಂಬಲ್ಲಿ ಮೇಯರನ್ನಾಗಿ ನೇಮಿಸಿದರು. ಮೇಯರ್ ಅಂದರೆ ಪಟ್ಟಣದ ದೊಡ್ಡ ಅಧಿಕಾರಿಯೆಂದು ಎಣಿಸಬೇಡಿರಿ. ಅನೇಕ ಸಣ್ಣ ಹಳ್ಳಿಗಳ ಕೂಟಕ್ಕೆ ಮೇಲ್ವಿಚಾರಕನು, ಅಷ್ಟೇ. ಮರುವರುಷವೇ ಬೆಳೆಯು ಕೆಟ್ಟಿತು. ಆಲೂಗಡ್ಡೆಯು ಆಗಲೇ ರೋಗದಿಂದ ಕೊಳೆಯುತ್ತಿತ್ತು, ಧಾನ್ಯವೂ ಕೈಗೆ ಹತ್ತಲಿಲ್ಲ. ೧೮೪೬–೪೭ರ ಚಳಿಗಾಲದಲ್ಲಿ ಆ ಹಳ್ಳಿಗಳಲ್ಲಿ ಹಸಿವು ಮನೆಮನೆಗೂ ಹೊಕ್ಕಿತು.

ಸರಕಾರದವರು ಹಿಟ್ಟನ್ನು ಕಳುಹಿಸಿದರು. ಆದರೆ ರೊಕ್ಕ ಕೊಟ್ಟವರಿಗೆ ಮಾತ್ರ ಕೊಡತಕ್ಕದ್ದೆಂದು ಅಪ್ಪಣೆಯಾಗಿತ್ತು. ಇದರಲ್ಲಿ ಕ್ರೂರತನವಿತ್ತೆಂದು ಒಮ್ಮೆಲೇ ಹೇಳಬಾರದು. ಸರಕಾರದ ವಸ್ತುವಿಗೆ ಲೆಕ್ಕ ಒಪ್ಪಿಸಬೇಕಾದವನು ಅಂಥ ಅಪ್ಪಣೆಯನ್ನೇ ಕೊಡುವನು. ಆದರೂ ರೊಕ್ಕವಿದ್ದವನು ಹಸಿಯುತ್ತಿರಲಿಲ್ಲ, ಹಸಿಯುತ್ತಿದ್ದವನ ಕೈಯಲ್ಲಿ ರೊಕ್ಕವಿರಲಿಲ್ಲ. ರೈಫೈಸನ್‌ರವರು ಅಪ್ಪಣೆಯನ್ನು ಮೀರಿ ಬಡವರಿಗೆ ಕಡವಾಗಿ ಹಿಟ್ಟನ್ನು ಕೊಡಿಸಿದರು. ಅಷ್ಟಕ್ಕೇ ನಿಲ್ಲದೆ, ಊರಿನ ಅನುಕೂಲವುಳ್ಳವರನ್ನು ಕೂಡಿಸಿ ಅವರಿಂದ ಹಣವನ್ನು ಪಡೆದು, ರೊಟ್ಟಿಯ ಸಂಘವೆಂಬದನ್ನು ಸ್ಥಾಪಿಸಿ, ಧಾನ್ಯವನ್ನು ಕೊಂಡು, ಊರೊಟ್ಟಿನ ಒಲೆಮನೆಯಲ್ಲಿ ರೊಟ್ಟಿಯನ್ನು ಸುಡಿಸಿ, ಪೇಟೆಗಿಂತ ಕಡಿಮೆ ಕ್ರಯಕ್ಕೆ ಹಂಚಿದರು.

ಒಬ್ಬ ಅಧಿಕಾರಿಯು ಅಪ್ಪಣೆಯನ್ನು ಮೀರುವದು ಸರಿಯೋ ಎಂದು ಕೇಳುವವರಿಗೆ ನಮ್ಮ ಉತ್ತರವಿದು. ಅಪ್ಪಣೆಯನ್ನು ಮೀರಿ ತಾನು ಲಾಭ ಹೊಂದುವವನೂ ಇದ್ದಾನೆ, ಮೀರಿದ್ದಕ್ಕೆ ತನ್ನ ತಲೆಯನ್ನೇ ಒಡ್ಡುವವನೂ ಇದ್ದಾನೆ. ಅವರಿಬ್ಬರನ್ನು ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮತ್ತು ಇವರು ಹಿಟ್ಟನ್ನು ಸುಮ್ಮನೆ ಬಿಟ್ಟುಕೊಡಲಿಲ್ಲ. ಕಡವೆಂದು ಬರೆದುಕೊಂಡೇ ಕೊಡಿಸಿದರು.

ಅನಂತರ ಅವರು ಫ್ಲಾಮರ್ಸ್‌ಫೆಲ್ಡ್ ಎಂಬಲ್ಲಿಗೆ ವರ್ಗವಾದರು. ಅಲ್ಲಿ ಕಂಡ ಕಷ್ಟವು ಬೇರೆ ತರದ್ದು. ಬಡ ಒಕ್ಕಲಿಗನ ಕೊಟ್ಟಿಗೆಯಲ್ಲಿ ಹಸುವಿತ್ತು, ಹಸುವಿನ ಒಡೆತನವು ದನದ ವ್ಯಾಪಾರಿಯದಾಗಿತ್ತು. ಹುಲ್ಲು ಇವನದು, ಮೇಯಿಸುವ ದುಡಿಮೆ ಇವನದು. ಕರುವಿನ ಲಾಭವು ಅವನಿಗೆ. ನಮ್ಮ ಹಳ್ಳಿಗಳಲ್ಲಿ ಇಂಥ ಒಪ್ಪಂದಗಳನ್ನು ನೋಡಿದವರಿಗೆ ಹೆಚ್ಚು ವಿವರಿಸಬೇಕಾಗಿಲ್ಲ. ೧೮೪೯ರಲ್ಲಿ ರೈಫೈಸನ್‌ರವರು ಸುಮಾರು ೬೦ ಮಂದಿ ಸ್ಥಿತಿವಂತರನ್ನು ಒಂದುಗೂಡಿಸಿ, ಅವರೆಲ್ಲರೂ ತಮ್ಮ ಆಸ್ತಿಯ ಮೇಲೆ ಒಟ್ಟಾಗಿ ಹೊಣೆಯಾಗುವಂತೆ ಮಾಡಿ ಸಹಾಯಸಂಘವನ್ನು ಕಟ್ಟಿದರು. ಆ ಹೊಣೆಯ ಬಲದಿಂದ ಹಣವು ಹುಟ್ಟಿತು. ಸಂಘವು ದನಗಳನ್ನು ಕೊಂಡು, ಐದು ವರುಷಗಳ ಕಂತಿನಲ್ಲಿ ತೀರಿಸುವ ಹಾಗೆ ಬಡವರಿಗೆ ಮಾರಿತು.

ಇಲ್ಲಿ ಒಂದು ಮಾತು ಹೇಳದೆ ಹೋದರೆ ನಾವು ಸತ್ಯವನ್ನು ಮುಚ್ಚಿದಂತಾಗುವದು. ಬಡ್ಡಿಯವರ ಮೇಲಿನ ಸಿಟ್ಟಿನಲ್ಲಿ ರೈಫೈಸನ್‌ರವರು ಮುಂದೆ ಯೆಹೂದ್ಯ ವ್ಯಾಪಾರಿಗಳನ್ನು ಒಂದು ಜನಾಂಗವಾಗಿಯೇ ನಿಂದಿಸಿದ್ದುಂಟು. ಒಳ್ಳೇ ಕೆಲಸ ಮಾಡಿದವನ ಬಾಯಿಂದ ಹೊರಟಿತೆಂದು ಆ ನಿಂದೆಯು ಒಳ್ಳೇದಾಗುವದಿಲ್ಲ. ಬಡ್ಡಿಯವನ ಪಾಪವು ಬಡ್ಡಿಯದೇ, ಅವನ ಕುಲದ್ದಲ್ಲ.

೧೮೫೨ರಲ್ಲಿ ಅವರು ರೈನ್ ನದಿಯ ಹತ್ತರದ ಹೆಡ್ಡೆಸ್‌ಡೋರ್ಫಿಗೆ ಬಂದರು. ಎರಡು ವರುಷಗಳ ಮೇಲೆ ಅಲ್ಲಿಯೂ ಒಂದು ಧರ್ಮಸಂಘವು ಏರ್ಪಟ್ಟಿತು. ದಿಕ್ಕಿಲ್ಲದ ಮಕ್ಕಳು, ಸೆರೆಯಿಂದ ಬಿಡುಗಡೆಯಾದವರು, ಸಾಲಗಾರರು, ಎಲ್ಲರ ಭಾರವೂ ಅದರ ಮೇಲೆ ಬಿತ್ತು. ಸ್ಥಿತಿವಂತರು ಮೊದಲು ಸಂತೋಷದಿಂದ ಕೊಟ್ಟರು. ಕೆಲವು ವರುಷಗಳಾದ ಮೇಲೆ ಅವರಿಗೆ ಬೇಸರ ಹುಟ್ಟಿತು. ಇದನ್ನು ನಾವು ಮನುಷ್ಯರ ಕಠಿಣಹೃದಯವೆಂದು ಬೈದು ಬಿಟ್ಟುಬಿಡಬಹುದಾಗಿತ್ತು. ರೈಫೈಸನ್‌ರವರು ಹಾಗೆ ಮಾಡದೆ, ತಾವು ಕಟ್ಟಿದ ಕಟ್ಟಡದಲ್ಲಿಯೇ ಬಿರುಕಿದೆಯೆಂದು ತಿಳುಕೊಂಡರು. ಅದೇನಂದರೆ, ಕೊಡುವವರು ಒಂದು ಕಡೆ, ತಕ್ಕೊಳ್ಳುವವರು ಇನ್ನೊಂದು ಕಡೆ. ನಷ್ಟವಾದರೆ ತಕ್ಕೊಂಡವನಿಗೆ ಏನೂ ತಗಲುತ್ತಿರಲಿಲ್ಲ.

ಆದದರಿಂದ ೧೮೬೪ರಲ್ಲಿ ಅವರು ಸಂಘವನ್ನು ಬೇರೆ ನಿಯಮಗಳ ಮೇಲೆ ನಿಲ್ಲಿಸಿದರು. ಸಾಲ ಬೇಕಾದವನು ಮೊದಲು ಸದಸ್ಯನಾಗಬೇಕು. ಸದಸ್ಯನಾದ ಪ್ರತಿಯೊಬ್ಬನೂ, ಬಡವನಾಗಲಿ ಧನಿಕನಾಗಲಿ, ಸಂಘದ ಸಾಲಕ್ಕೆಲ್ಲ ತನ್ನ ಸರ್ವಸ್ವದಿಂದ ಹೊಣೆ. ಸಂಘದ ಎಲ್ಲೆಯು ಒಬ್ಬರನ್ನೊಬ್ಬರು ಬಲ್ಲ ಒಂದು ಸಣ್ಣ ಊರಿನಷ್ಟೇ. ನಡಿಸುವವರಿಗೆ ಸಂಬಳವಿಲ್ಲ, ಲೆಕ್ಕ ಬರೆಯುವವನಿಗೆ ಮಾತ್ರ. ಉಳಿದ ಲಾಭವನ್ನು ಹಂಚಿಕೊಳ್ಳದೆ ಸಂಘದ ನಿಧಿಯಲ್ಲಿಯೇ ಇಡತಕ್ಕದ್ದು.

ಈಗ ನಮ್ಮ ವಾಚಕರಲ್ಲಿ ಅನೇಕರು ತಲೆಯಲ್ಲಾಡಿಸುವರೆಂದು ಬಲ್ಲೆವು. ಜ್ಞಾನೋಕ್ತಿಗಳ ಗ್ರಂಥವು ಪರರ ಸಾಲಕ್ಕೆ ಹೊಣೆಯಾಗುವವನನ್ನು ಒಂದಲ್ಲ, ಹಲವು ಸಾರಿ ಎಚ್ಚರಿಸುತ್ತದಲ್ಲಾ? ನಮ್ಮ ಹಿರಿಯರೂ ಜಾಮೀನು ನಿಂತು ಮನೆ ಕಳಕೊಂಡವರ ಕಥೆಗಳನ್ನು ಮಕ್ಕಳಿಗೆ ಹೇಳುತ್ತಿದ್ದರು. ಆ ಎಚ್ಚರಿಕೆಯು ಸುಳ್ಳಲ್ಲ. ಆದರೆ ಅದು ಎಂಥ ಹೊಣೆಯನ್ನು ಕುರಿತದ್ದು? ಕೈಮೇಲೆ ಕೈಯಿಟ್ಟು, ಸಾಲಗಾರನು ಏನು ಮಾಡುವನೆಂದು ಕೇಳದೆ, ಕೇಳುವ ಹಕ್ಕೂ ಇಲ್ಲದೆ, ದಾಕ್ಷಿಣ್ಯಕ್ಕೆ ಬಿದ್ದು ಆಗುವ ಹೊಣೆಯನ್ನೇ. ರೈಫೈಸನ್‌ರವರ ಸಂಘದಲ್ಲಿ ಹೊಣೆಯ ಸಂಗಡ ವಿಚಾರಿಸುವ ಅಧಿಕಾರವೂ ಬಂತು. ಹಣವು ಯಾತಕ್ಕೆ? ಹಸುವಿಗೋ, ಮದುವೆಯ ಊಟಕ್ಕೋ? ಹಸುವು ಕೊಟ್ಟಿಗೆಗೆ ಬಂತೋ? ಇದನ್ನು ನೆರೆಯವನು ಗೋಡೆಯ ಆಚೆಯಿಂದಲೇ ನೋಡಬಲ್ಲನು. ದೂರದ ಪಟ್ಟಣದ ಗುಮಾಸ್ತನು ಹತ್ತು ಕಾಗದ ಬರೆದರೂ ನೋಡಲಾರನು.

ಇನ್ನೊಂದು ಸಂಗತಿಯು ನಮಗೆ ಇದಕ್ಕಿಂತಲೂ ದೊಡ್ಡದಾಗಿ ಕಾಣುತ್ತದೆ. ಬರೇ ತಕ್ಕೊಳ್ಳುವವನು ತಲೆ ತಗ್ಗಿಸಿ ನಿಲ್ಲುವನು. ಆದರೆ ಆ ಸಂಘದಲ್ಲಿ ಒಂದು ಹಸುವಿನ ಬಡವನೂ ಹತ್ತು ಹಸುವಿನ ಧನಿಕನ ಸಾಲಕ್ಕೆ ಹೊಣೆಯಾಗಿದ್ದನು. ಧನಿಕನು ತನ್ನ ಮಾತನ್ನು ಉಳಿಸಿಕೊಳ್ಳುವನೆಂದು ಬಡವನೂ ನಂಬಬೇಕಾಯಿತು. ದಾನದಲ್ಲಿ ನಂಬಿಕೆಯು ಒಂದೇ ಕಡೆಗೆ ಹರಿಯುವದು. ಇಲ್ಲಿ ಎರಡು ಕಡೆಗೂ ಹರಿಯಿತು.

ಹಾಗಾದರೆ ದಾನವು ಬೇಡವೋ? ಹಾಗಲ್ಲ. ಹಾಸಿಗೆ ಹಿಡಿದವನಿಗೂ ದುಡಿಯಲಾರದ ಮುದುಕಿಗೂ ಊರು ಕೊಡತಕ್ಕದ್ದೇ, ಹಿಂದಕ್ಕೆ ಕೇಳದೆ ಕೊಡತಕ್ಕದ್ದು. ಆದರೆ ಅದನ್ನು ದಾನವೆಂದೇ ಕರೆಯಬೇಕು. ತೀರಲಾರದೆಂದು ಕೊಡುವವನೂ ತೀರಿಸುವದಿಲ್ಲವೆಂದು ತಕ್ಕೊಳ್ಳುವವನೂ ಬಲ್ಲ ಹಣವನ್ನು ಸಾಲವೆಂದು ಬರೆಯುವದು ಸುಳ್ಳು. ಆ ಒಂದು ಸುಳ್ಳಿನಿಂದ ನಿಜವಾದ ಸಾಲಗಾರರೂ ಕೆಟ್ಟುಹೋಗುವರು.

ಮೊದಲು ಕೇಳಿದ ಪ್ರಶ್ನೆಗೆ ಬರುವ. ತೆರಿಗೆಯು ಒತ್ತಾಯದಿಂದ ಬಂದ ಹಣ. ಕೊಡಲೊಲ್ಲೆನೆನ್ನುವ ಸ್ವಾತಂತ್ರ್ಯವು ಯಾರಿಗೂ ಇಲ್ಲ. ಅಂಥ ಹಣವನ್ನು ಒಬ್ಬನ ಅಂಗಡಿಯ ಮೇಲೆ ಒಡ್ಡುವದು ನ್ಯಾಯವಲ್ಲವೆಂದು ನಮ್ಮ ಅಭಿಪ್ರಾಯ. ರೈಫೈಸನ್‌ರವರು ಅಧಿಕಾರಿಯಾಗಿ ಕಟ್ಟಿಸಿದ್ದೇನೆಂದು ನೋಡಿರಿ: ಶಾಲೆ, ಮತ್ತು ಆ ಗುಡ್ಡದ ಹಳ್ಳಿಗಳಿಂದ ರೈನ್ ನದಿಯ ಕಡೆಗೆ ಸರಕು ಇಳಿಯುವ ರಸ್ತೆ. ಒಂದು ಪೈ ಸಾಲ ಮಾಡದವನ ಗಾಡಿಯೂ ಆ ರಸ್ತೆಯಲ್ಲಿ ಹೋಗುವದು. ಒಬ್ಬೊಬ್ಬನ ಹಸುವಿಗಾಗಿ ಬೇಕಾದ ಹಣವನ್ನಾದರೋ ಅವರು ಸ್ವಂತ ಮನಸ್ಸಿನಿಂದ ಹೊಣೆಯಾಗಿ ನಿಂತವರ ಬಲದಿಂದ ಹುಟ್ಟಿಸಿದರು. ಅಧಿಕಾರಿಗೆ ಇದರಲ್ಲಿ ಕೆಲಸವಿಲ್ಲವೆಂದಲ್ಲ. ಜನರನ್ನು ಕರೆದು ಕೂಡಿಸುವದು, ಲೆಕ್ಕವನ್ನು ಬೆಳಕಿಗೆ ತರಿಸುವದು, ಸಂತೆಯ ಕಟ್ಟೆಯನ್ನೂ ನೀರನ್ನೂ ಒದಗಿಸುವದು, ಇವೆಲ್ಲಾ ಅವನ ಪಾಲಿನ ಕೆಲಸ.

ಈ ಮಾರ್ಗವು ನಮ್ಮ ಕಡೆಗೆ ಬಂದ ಬಗೆಯನ್ನು ಸಂಕ್ಷೇಪವಾಗಿ ಹೇಳುವೆವು. ಮದ್ರಾಸು ಸರಕಾರದ ಅಧಿಕಾರಿ ಫ್ರೆಡರಿಕ್ ನಿಕಲ್ಸನರು ೧೮೯೫ ಮತ್ತು ೧೮೯೭ರಲ್ಲಿ ಒಪ್ಪಿಸಿದ ವರದಿಗಳಲ್ಲಿ, ಇಲ್ಲಿಯೂ ರೈಫೈಸನ್‌ನಂಥವನು ಸಿಕ್ಕಬೇಕೆಂಬದೇ ಮುಖ್ಯ ಮಾತು. ೧೯೦೪ರಲ್ಲಿ ಸಹಕಾರಿ ಸಂಘಗಳ ಕಾಯಿದೆಯಾಯಿತು. ಹಳ್ಳಿಯ ಸಂಘಗಳಲ್ಲಿ ಸದಸ್ಯರ ಹೊಣೆಗೆ ಮಿತಿಯಿಲ್ಲವೆಂಬ ನಿಯಮವು ಅದರಲ್ಲಿಯೂ ಇತ್ತು. ಮರುವರುಷ, ಆಗ ಮುಂಬಯಿ ಅಧಿಪತ್ಯಕ್ಕೆ ಸೇರಿದ್ದ ಗದಗು ಸೀಮೆಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಂಘವನ್ನು ಸ್ಥಾಪಿಸಿದರು. ದಕ್ಷಿಣ ಕನ್ನಡದಲ್ಲಿ ಪುತ್ತೂರಿನ ವಕೀಲರಾಗಿದ್ದ ಮೊಳಹಳ್ಳಿ ಶಿವರಾಯರು ಇದೇ ಕೆಲಸಕ್ಕೆ ತಮ್ಮ ಆಯುಷ್ಯವನ್ನು ಕೊಟ್ಟರು.

ಬರಬರುತ್ತಾ ಸಂಘಗಳಲ್ಲಿ ಸದಸ್ಯರ ಹೊಣೆಯು ಕಡಿಮೆಯಾಗಿ ಸರಕಾರದ ಹಣವು ಹೆಚ್ಚಾಯಿತು. ಸರಕಾರದ್ದು ತಾನೇ ಎಂಬ ಮಾತು ಆಗಲೇ ಹುಟ್ಟಿರಬೇಕು. ಯಾರ ಹೊಣೆಯೂ ಇಲ್ಲದ ಹಣಕ್ಕೆ ನಮ್ಮ ಜನರು ಕೊಟ್ಟ ಹೆಸರು ಅದು.

ಹೊಣೆಯು ಮತ್ತೊಂದು ದಾರಿಯಿಂದಲೂ ಕೆಟ್ಟಿದೆ. ಹೆಂಗಸರ ಗುಂಪಿಗೆ ಸಾಲ ಕೊಟ್ಟು, ಒಬ್ಬಳು ತಪ್ಪಿದರೆ ಉಳಿದವರು ಕಟ್ಟಬೇಕೆಂಬ ಪದ್ಧತಿಯನ್ನು ವಾಚಕರು ಬಲ್ಲರು. ಹೊರನೋಟಕ್ಕೆ ಅದು ಹೆಡ್ಡೆಸ್‌ಡೋರ್ಫಿನದೇ. ಆದರೆ ಬಡ್ಡಿಯನ್ನು ಗೊತ್ತುಮಾಡುವವರು ಆ ಹೆಂಗಸರಲ್ಲದಿದ್ದರೆ, ಲಾಭವು ಅವರ ನಿಧಿಗೆ ಸೇರದಿದ್ದರೆ, ಹೊಣೆಯೊಂದೇ ಅವರ ಪಾಲಿಗೆ ಉಳಿದರೆ, ಅದು ನೆರೆಯವಳನ್ನು ನೆರೆಯವಳ ಬಾಗಲಲ್ಲಿ ಕಾವಲು ಕುಳ್ಳಿರಿಸುವ ಉಪಾಯವಾಗುವದು. ವಸೂಲಿಯ ಪೀಡೆಯನ್ನು ತಾಳಲಾರದೆ ಜೀವವನ್ನು ಕಳಕೊಂಡವರ ಸುದ್ದಿಗಳು ಬಂದ ಮೇಲೆ, ೨೦೨೫ರಲ್ಲಿ ಕರ್ನಾಟಕ ಸರಕಾರದವರು ಕಿರುಸಾಲದವರ ಬಲಾತ್ಕಾರವನ್ನು ತಡೆಯುವದಕ್ಕಾಗಿ ಮೊದಲು ಸುಗ್ರೀವಾಜ್ಞೆಯನ್ನೂ ಆ ಮೇಲೆ ಕಾಯಿದೆಯನ್ನೂ ತರಬೇಕಾಯಿತು.

ಒಂದು ಆಕ್ಷೇಪಣೆಯು ಉಳಿಯುತ್ತದೆ, ಅದು ಹಗುರವಾದದ್ದಲ್ಲ. ಮಳೆ ತಪ್ಪಿದ ವರುಷದಲ್ಲಿ ಸಾಲಗಾರನೂ ಹೊಣೆಗಾರನೂ ಒಟ್ಟಿಗೆ ಬಡವರಾಗುವರು. ಒಂದೇ ಹಗ್ಗವನ್ನು ಹಿಡಿದವರು ಒಂದೇ ಬಾವಿಗೆ ಬಿದ್ದರೆ ಮೇಲಕ್ಕೆ ಎಳೆಯುವವರಾರು? ಸಣ್ಣ ಊರಿನ ಎಲ್ಲೆಯೇ ಆಗ ಸಂಘದ ದೌರ್ಬಲ್ಯವಾಗುವದು. ರೈಫೈಸನ್‌ರವರಿಗೆ ಇದು ತಿಳಿದಿತ್ತು. ಆ ಕಾಲಕ್ಕೆ ಅವರ ಕಣ್ಣು ಬಹುಮಟ್ಟಿಗೆ ಕುರುಡಾಗಿತ್ತು. ಮಗಳು ಅಮಾಲಿಯೇ ಅವರಿಗೋಸ್ಕರ ಓದಿ ಬರೆಯುತ್ತಿದ್ದಳು. ಆದರೂ ೧೮೭೨ರಲ್ಲಿ ಅವರು ನೊಯ್‌ವೀಡ್ ಪಟ್ಟಣದಲ್ಲಿ ಅನೇಕ ಊರುಗಳ ಸಂಘಗಳನ್ನು ಸೇರಿಸಿ ಒಂದು ಬ್ಯಾಂಕನ್ನು ಸ್ಥಾಪಿಸಿದರು. ಬೆಳೆಯಾದ ಊರಿನಲ್ಲಿ ಮಿಕ್ಕ ಹಣವು ಬೆಳೆ ಕೆಟ್ಟ ಊರಿಗೆ ಹೋಗುವದಕ್ಕೆ ಅಲ್ಲಿಂದ ದಾರಿಯಾಯಿತು. ೧೯೧೪ರಲ್ಲಿ ಶಿವರಾಯರು ದಕ್ಷಿಣ ಕನ್ನಡದ ಸಂಘಗಳಿಗಾಗಿ ಜಿಲ್ಲಾ ಬ್ಯಾಂಕನ್ನು ತೆರೆದದ್ದೂ ಇದಕ್ಕಾಗಿಯೇ.